ಆರು ಕೋರ್‌ಗಳ ಡನ್ನಿಂಗ್ಟನ್

ಇಂಟೆಲ್ 2008ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ತಂದ ಜಿಯಾನ್ 7400 ಸರಣಿಯ ಸರ್ವರ್ ಪ್ರೊಸೆಸರ್ 'ಡನ್ನಿಂಗ್ಟನ್' ರೂಪುಗೊಂಡದ್ದು ಬೆಂಗಳೂರಿನಲ್ಲಿ. 45 ನ್ಯಾನೊಮೀಟರ್ ತಂತ್ರಜ್ಞಾನದ ಒಂದೇ ಚಿಪ್‌ನಲ್ಲಿ ಆರು ಕೋರ್, ಸುಮಾರು 190 ಕೋಟಿ ಟ್ರಾನ್ಸಿಸ್ಟರ್. ಎರಡೆರಡು ಕೋರ್‌ಗಳಿಗೆ 3 ಎಂಬಿ ಕ್ಯಾಶ್ (ಚಿಪ್‌ನೊಳಗಿನ ತಾತ್ಕಾಲಿಕ ಸಂಗ್ರಹ); ಅದಲ್ಲದೆ ಆರೂ ಹಂಚಿಕೊಳ್ಳುವ ಇನ್ನೊಂದು, ಗರಿಷ್ಠ 16 ಎಂಬಿ. ದತ್ತಾಂಶ ಅಲ್ಲೇ ಸಿಕ್ಕಿದರೆ ಮೆಮೊರಿಯವರೆಗಿನ ಓಡಾಟವೂ ಅದರ ಕರೆಂಟೂ ಉಳಿಯುತ್ತವೆ.

ಚಿಪ್ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಂಚಿಕೊಳ್ಳಬಹುದಾದ ಕೆಲಸವಾದರೆ, ಒಂದೇ ಕೋರನ್ನು ಓಡಿಸಿ ದಣಿಸುವುದಕ್ಕಿಂತ ಹಲವನ್ನು ಕಡಿಮೆ ವೋಲ್ಟೇಜಿನಲ್ಲಿ ದುಡಿಸುವುದೇ ಲಾಭ. ವಿದ್ಯುತ್ ಕುಲುಮೆಗೆ ಶಾಖವೇ ಗುರಿ. ಸರ್ವರ್‌ಗೆ ಅದು ಬರೀ ನಷ್ಟ, ತಣಿಸಲು ಮತ್ತೆ ಕರೆಂಟು ಬೇಕು.

ಸರಣಿಯಲ್ಲಿ ನಿಜಕ್ಕೂ ಮೆಚ್ಚಬೇಕಾದ್ದು ಎಲ್7455. ಎಕ್ಸ್7460 ಮಾದರಿಗೆ 2.66 ಗಿಗಾಹರ್ಟ್ಸ್ ವೇಗ, 130 ವ್ಯಾಟ್ ಮಿತಿ. ಎಲ್7455ಕ್ಕೆ ಆರೂ ಕೋರ್ ಇದ್ದು 2.13 ಗಿಗಾಹರ್ಟ್ಸ್, 65 ವ್ಯಾಟ್. ವೇಗದ ಐದನೇ ಒಂದು ಪಾಲು ಬಿಟ್ಟುಕೊಟ್ಟು ಅರ್ಧ ವಿದ್ಯುತ್ತು ಉಳಿಸಿದ ವಿನ್ಯಾಸವಿದು.