ಓದದ ಪುಸ್ತಕದ ಪಾಠಾಂತರಗಳು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ನಡುವೆ ಒಂದು ಗಟ್ಟಿ ನಂಬಿಕೆಯಿದೆ. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತು ಬಿದ್ದರೆ ಹಿಡಿದ ಕೆಲಸ ಆಗಿಯೇ ತೀರುತ್ತದೆ. ಬೀಗ ತೆರೆದುಕೊಳ್ಳುತ್ತದೆ, ಮೊಂಡ ರಾಜನೂ ಒಪ್ಪುತ್ತಾನೆ. ಆದರೆ 2014ರ ಐದನೆಯ ಆವೃತ್ತಿಯ ಪುಸ್ತಕ ಹೀಗೆ ಹೇಳುವುದಿಲ್ಲ. ಅಲ್ಲಿ ಇಪ್ಪತ್ತಕ್ಕೆ ಅಂಥ ಬಲ ಇರುವುದು ಮುಖ್ಯವಾಗಿ ಶತ್ರುವಿನ ಮೇಲೆ ಹೊಡೆತ ಬೀಸುವಾಗ. ಬೀಗ ತೆರೆಯುವಂಥ ಕೌಶಲದ ಪರೀಕ್ಷೆಯಲ್ಲಿ ಇಪ್ಪತ್ತು ಎಂದರೆ ಬರೀ ಇಪ್ಪತ್ತು. ಅದಕ್ಕೆ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿದ ಮೇಲೂ ಗುರಿ ಮುಟ್ಟದಿದ್ದರೆ ಸೋಲೇ. ಆದರೂ ಇಪ್ಪತ್ತು ಬಿದ್ದಾಗ ಮೇಜಿನ ಸುತ್ತ ಕೂತವರೆಲ್ಲ ಹೋ ಎಂದು ಕೂಗುತ್ತಾರೆ, ಬೀಗ ತೆರೆದುಕೊಳ್ಳುತ್ತದೆ.

'ಸ್ಟ್ರೇಂಜರ್ ಥಿಂಗ್ಸ್' ಸರಣಿಯನ್ನು ನೋಡಿದವರಿಗೆ ಈ ಆಟದ ಪರಿಚಯ ಇದ್ದೀತು. ನಾಲ್ಕೈದು ಮಂದಿ ಸುತ್ತ ಕೂತು ಒಂದೊಂದು ಪಾತ್ರ ವಹಿಸುತ್ತಾರೆ. ಡಂಜನ್ ಮಾಸ್ಟರ್ ಎನ್ನಿಸಿಕೊಂಡ ಒಬ್ಬರು ಊರು, ಕಾಡು, ಶತ್ರುಗಳನ್ನು ಮಾತಿನಲ್ಲೇ ಕಟ್ಟುತ್ತಾರೆ. ಮುಂದೇನಾಗಬಹುದು ಎಂಬುದು ಸಂದೇಹವಾದಲ್ಲಿ ದಾಳ ಉರುಳುತ್ತದೆ. ದಾಳದ ಮಾತಿಗೆ ಅರ್ಥ ಕೊಡುವುದು ನಿಯಮಪುಸ್ತಕ. 2014ರಲ್ಲಿ ಆಟಗಾರರಿಗೆಂದು ಬಂದ ಒಂದೇ ಸಂಪುಟ 320 ಪುಟಗಳಷ್ಟಿತ್ತು. ನಾನು ಕಂಡ ಯಾವ ಗುಂಪಿನಲ್ಲೂ ಅದನ್ನು ಪೂರ್ತಿ ಓದಿದವರು ಒಬ್ಬರಿಗಿಂತ ಹೆಚ್ಚಿರಲಿಲ್ಲ. ಉಳಿದವರು ಆಡಿದವರನ್ನು ನೋಡಿ, ಕೇಳಿ ಕಲಿತವರು. ಚೌಕಾಬಾರವನ್ನು ನಾವು ಕಲಿಯುವುದೂ ಹೀಗೆಯೇ. ಆದರೆ ಚೌಕಾಬಾರಕ್ಕೆ ಕಪಾಟಿನಲ್ಲೊಂದು ಮೂಲಗ್ರಂಥವಿಲ್ಲ. ಅಜ್ಜಿ ಹೇಳಿದ್ದೇ ನಿಯಮ. ಇಲ್ಲಿ ಗ್ರಂಥವಿದೆ, ಅದರ ಮೇಲೊಂದು ಬಾಯಿಪಾಠದ ಪರಂಪರೆಯೂ ಇದೆ, ಎರಡೂ ಒಂದೇ ಹೆಸರಿನಲ್ಲಿ ನಡೆಯುತ್ತಿವೆ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಈ ಆಟದಲ್ಲಿ ಕುತೂಹಲ ಹುಟ್ಟಿದ್ದು ಇಲ್ಲಿಯೇ.

ಈ ಬಿರುಕು ಮೊದಲ ಪುಸ್ತಕದಲ್ಲೇ ಇತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟವನ್ನು ಹೊರತಂದಾಗ ಅದು ಪೆಟ್ಟಿಗೆಯಲ್ಲಿಟ್ಟ ಮೂರು ಚಿಕ್ಕ ಪುಸ್ತಿಕೆಗಳಾಗಿತ್ತು. ಮೊದಲ ಮುದ್ರಣ ಸಾವಿರ ಪ್ರತಿ. ಕಾಳಗದ ನಿಯಮಗಳಿಗೆ ಅದು ಓದುಗರನ್ನು 1971ರ 'ಚೈನ್‌ಮೇಲ್' ಎಂಬ ಇನ್ನೊಂದು ಯುದ್ಧದಾಟದ ಪುಸ್ತಕಕ್ಕೆ ಕಳಿಸುತ್ತಿತ್ತು. ಅದು ಎಲ್ಲರ ಬಳಿ ಇರಲಿಲ್ಲ. ಇಲ್ಲದವರು ಪುಸ್ತಿಕೆಯಲ್ಲೇ 'ಪರ್ಯಾಯ' ಎಂದು ಕೊಟ್ಟಿದ್ದ ಇಪ್ಪತ್ತು ಮುಖದ ದಾಳದ ಪಟ್ಟಿಯನ್ನು ಹಿಡಿದುಕೊಂಡರು. ಕಾಲಕ್ರಮದಲ್ಲಿ ಆ ಪರ್ಯಾಯವೇ ಮೂಲವಾಯಿತು. ಇವತ್ತು ಈ ಆಟದ ಗುರುತೇ ಆಗಿರುವ ಇಪ್ಪತ್ತು ಮುಖದ ದಾಳ ನಡುಮನೆಗೆ ಬಂದದ್ದು ಹಿತ್ತಿಲ ಬಾಗಿಲಿನಿಂದ.

ಓದಿ ಅರ್ಥವಾಗದವರೂ ಸುಮ್ಮನೆ ಕೂರಲಿಲ್ಲ. ಕೆನ್ ಸೇಂಟ್ ಆಂಡ್ರೆ ಆ ಪುಸ್ತಿಕೆಗಳ ಗೊಂದಲಕ್ಕೆ ಬೇಸತ್ತು 1975ರಲ್ಲಿ 'ಟನೆಲ್ಸ್ ಅಂಡ್ ಟ್ರೋಲ್ಸ್' ಎಂಬ ಸರಳವಾದ ಬೇರೆ ಆಟವನ್ನೇ ಬರೆದರು. ಸ್ಟೀವ್ ಪೆರಿನ್ ಕಾಳಗದ ನಿಯಮಗಳನ್ನು ತಿದ್ದಿ 1976ರಲ್ಲಿ ಗೆಳೆಯರ ನಡುವೆ ಹಂಚಿದರು. ಅದೇ ಪೆರಿನ್ ಎರಡು ವರ್ಷದಲ್ಲಿ 'ರೂನ್‌ಕ್ವೆಸ್ಟ್' ಎಂಬ ಹೊಸ ಆಟದ ಮುಖ್ಯ ಕರ್ತೃವಾದರು. ಲೀ ಗೋಲ್ಡ್ 1975ರಲ್ಲಿ ಶುರುಮಾಡಿದ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್' ಪತ್ರಿಕೆಯ ಪುಟಗಳಲ್ಲಿ ಆಟಗಾರರು ತಮ್ಮ ತಮ್ಮ ಮನೆಯ ನಿಯಮಗಳನ್ನಿಟ್ಟು ವಾದಿಸಿದರು. ಒಂದು ಪಠ್ಯದ ಅಸ್ಪಷ್ಟತೆಯಿಂದ ಒಂದು ಪ್ರಕಾರವೇ ಕವಲೊಡೆಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಗೈಗ್ಯಾಕ್ಸ್‌ಗೆ ಇದು ಹಿಡಿಸಲಿಲ್ಲ. 1977ರಿಂದ 1979ರವರೆಗೆ ಬಂದ 'ಅಡ್ವಾನ್ಸ್ಡ್' ಆವೃತ್ತಿಯ ಮೂರು ದಪ್ಪ ಪುಸ್ತಕಗಳ ಒಂದು ಉದ್ದೇಶ ಎಲ್ಲ ಊರುಗಳಲ್ಲೂ ಒಂದೇ ಆಟ ನಡೆಯಬೇಕು ಎಂಬುದು. ಅವುಗಳಲ್ಲಿ 1979ರ 'ಡಂಜನ್ ಮಾಸ್ಟರ್ಸ್ ಗೈಡ್' ಸಾಮಾನ್ಯ ಆಟಗಾರರು ಓದಬಾರದ ಪುಸ್ತಕವೆಂದು ತನ್ನನ್ನೇ ಘೋಷಿಸಿಕೊಂಡಿತು. ಬಂದದ್ದೇನು? ಯಾವ ಆಯುಧ ಯಾವ ಕವಚದ ಮುಂದೆ ಎಷ್ಟು ಪರಿಣಾಮಕಾರಿ ಎಂಬ ಉದ್ದನೆಯ ಪಟ್ಟಿಯನ್ನು ಬಹಳ ಗುಂಪುಗಳು ಸದ್ದಿಲ್ಲದೆ ಕೈಬಿಟ್ಟವು. ಕರ್ತೃ ಸ್ಥಿರಪಾಠ ಬಯಸಿದ, ಓದುಗರು ಪಾಠಾಂತರ ಮಾಡಿಕೊಂಡರು.

ಪಾಠಾಂತರಗಳು ಮೂಲಕ್ಕೆ ನುಸುಳುವುದೂ ಉಂಟು. ಐದನೆಯ ಆವೃತ್ತಿಯಲ್ಲಿ ಗಾಯ ಮಾಯಿಸುವ ಮದ್ದು ಕುಡಿದರೆ ಆ ಸರದಿಯ ಮುಖ್ಯ ಕ್ರಿಯೆ ಅಲ್ಲಿಗೆ ಮುಗಿಯಿತು. ಕಾಳಗದ ನಡುವೆ ಮದ್ದು ಕುಡಿದು ಸುಮ್ಮನೆ ನಿಲ್ಲುವುದು ಯಾರಿಗೂ ಇಷ್ಟವಾಗಲಿಲ್ಲ. ಅನೇಕ ಗುಂಪುಗಳು ಅದನ್ನು ಚಿಕ್ಕ ಹೆಚ್ಚುವರಿ ಕ್ರಿಯೆಯಾಗಿ ಎಣಿಸತೊಡಗಿದವು. 2023ರ 'ಬಾಲ್ಡರ್ಸ್ ಗೇಟ್ 3' ವಿಡಿಯೋ ಗೇಮ್ ಕೂಡ ಹಾಗೇ ಮಾಡಿತು. 2024ರ ಪುಸ್ತಕದಲ್ಲಿ ಅದೇ ಅಧಿಕೃತ ನಿಯಮ. ಇಪ್ಪತ್ತರ ನಂಬಿಕೆಗೆ ಮಾತ್ರ ಈ ಭಾಗ್ಯ ಸಿಗಲಿಲ್ಲ. 2022ರಲ್ಲಿ ಪ್ರಕಾಶಕರು ಪರೀಕ್ಷಾರ್ಥವಾಗಿ ಅದನ್ನು ನಿಯಮವಾಗಿಸಲು ಹೊರಟು, ಆಮೇಲೆ ಹಿಂದೆಗೆದುಕೊಂಡರು.

ಇಷ್ಟನ್ನು ನೋಡಿದ ಮೇಲೆ ಸುಲಭವಾಗಿ ಒಂದು ತೀರ್ಮಾನಕ್ಕೆ ಬರಬಹುದು: ಕರ್ತೃ ಸತ್ತ, ಓದುಗ ಗೆದ್ದ, ತಿದ್ದುಪಡಿಯೇ ಸ್ವಾತಂತ್ರ್ಯ. ಈ ಮಾತನ್ನು ಕೆಲವು ನಿಯಮಪುಸ್ತಕಗಳೇ ಆಡುತ್ತವೆ. 1991ರ 'ವ್ಯಾಂಪೈರ್: ದ ಮಾಸ್ಕರೇಡ್' ಆಟದ 'ಬಂಗಾರದ ನಿಯಮ'ದ ಸಾರ, ನಿಯಮಗಳು ಅಡ್ಡ ಬಂದರೆ ಬದಿಗಿಡಿ ಎಂಬುದು. ನನ್ನ ತಕರಾರು ಇರುವುದು ಈ ಔದಾರ್ಯದ ಬಗ್ಗೆಯೇ. ಬದಿಗಿಡುವವರು ಯಾರು? ಬಹುತೇಕ ಮೇಜುಗಳಲ್ಲಿ ಪುಸ್ತಕ ಓದಿದವರು ಒಬ್ಬರೇ. ಕಥೆ ನಡೆಸುವವರೂ ಅವರೇ. ಮಿಕ್ಕವರಿಗೆ ಯಾವ ನಿಯಮ ಹೋಯಿತು ಎಂಬುದೇ ತಿಳಿಯದು. ತಿಳಿಯದವರಿಗೆ ಸಿಕ್ಕ ಸ್ವಾತಂತ್ರ್ಯ ನಿಜಕ್ಕೂ ತಿಳಿದವರ ಅಧಿಕಾರ.

ನಾನು ಆಡುವ ಗುಂಪಿನಲ್ಲಿ ಹೊತ್ತ ಸಾಮಾನಿನ ತೂಕ ಲೆಕ್ಕ ಹಾಕುವ ನಿಯಮವನ್ನು ತೆಗೆದುಹಾಕುವ ಮಾತು ಬಂತು. ಲೆಕ್ಕ ಬರೆಯುವುದು ಯಾರಿಗೂ ಬೇಡದ ಕೆಲಸ. ತೆಗೆಯುವ ಮೊದಲು ಒಮ್ಮೆ ಗಟ್ಟಿಯಾಗಿ ಓದೋಣ ಎಂದರು ಯಾರೋ. ಓದಿದೆವು: ಪಾತ್ರವೊಂದು ಹೊರಬಲ್ಲ ತೂಕ, ಅದರ ಬಲದ ಅಂಕದ ಹದಿನೈದು ಪಟ್ಟು ಪೌಂಡ್. ಆಗ, ಅಷ್ಟು ದಿನ ಹೆಚ್ಚು ಮಾತಾಡದಿದ್ದ ಹೊಸ ಆಟಗಾರ್ತಿ ಕೇಳಿದಳು: "ಹಾಗಾದ್ರೆ ನಾನ್ಯಾಕೆ ಇಷ್ಟು ಬಲ ಇಟ್ಕೊಂಡೆ? ಎಲ್ಲರ ಗಂಟುಮೂಟೆ ಹೊರೋಳು ನಾನೇ ಅಲ್ವಾ?" ಮಿಕ್ಕವರಿಗೆ ಕಿರಿಕಿರಿಯಾಗಿದ್ದ ಲೆಕ್ಕ ಅವಳ ಪಾತ್ರದ ಬದುಕಾಗಿತ್ತು. ನಿಯಮ ಉಳಿಯಿತು, ಲೆಕ್ಕ ಮಾತ್ರ ಹಗುರಾಯಿತು: ಮರುಭೂಮಿ, ಪರ್ವತ ದಾಟುವಾಗಷ್ಟೇ ಎಣಿಸುವುದೆಂದು ಎಲ್ಲರೂ ಸೇರಿ ಗೊತ್ತುಮಾಡಿಕೊಂಡೆವು.

ನಿಯಮ ಎಂದರೆ ಒಂದು ಮಾತು ಕೊಟ್ಟಂತೆ. ಅದನ್ನು ನಂಬಿ ಆಟಗಾರರು ತಮ್ಮ ಪಾತ್ರದ ಪ್ರಾಣವನ್ನು ಪಣಕ್ಕಿಡುತ್ತಾರೆ. ಡಂಜನ್ ಮಾಸ್ಟರ್ ಮರೆಹಲಗೆಯ ಹಿಂದೆ ದಾಳ ಉರುಳಿಸಿ, ಬಿದ್ದ ಅಂಕವನ್ನು ಗುಟ್ಟಾಗಿ ಬದಲಿಸುವ ಅವಕಾಶವನ್ನು 2014ರ ಮಾರ್ಗದರ್ಶಿ ಪುಸ್ತಕವೂ ಒಪ್ಪುತ್ತದೆ. ಉದ್ದೇಶ ಕರುಣೆಯೇ ಇರಬಹುದು. ಆದರೆ ಸಾಯಬಾರದೆಂದು ಮೊದಲೇ ಗೊತ್ತಾದ ಪಾತ್ರ ತೋರುವ ಧೈರ್ಯಕ್ಕೆ ಏನು ಬೆಲೆ? ಹಾಗಾಗಿ ಎಲ್ಲ ತಿದ್ದುಪಡಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ತಿಳಿಯದೆ ಬದಲಾದದ್ದು ಲಿಪಿಕಾರನ ಕೈತಪ್ಪು. ಅದರಿಂದ ಸೊಗಸಾದದ್ದೂ ಹುಟ್ಟೀತು, ಇಪ್ಪತ್ತು ಬಿದ್ದಾಗಿನ ಆ ಕೂಗಿನಂತೆ. ತಿಳಿದು, ಎಲ್ಲರೆದುರು ಬದಲಿಸಿದ್ದು ವ್ಯಾಖ್ಯಾನ. ತಿಳಿದೂ ಮುಚ್ಚಿಟ್ಟು ಬದಲಿಸಿದ್ದು ಪ್ರಕ್ಷೇಪ. ತನ್ನ ಸಾಲನ್ನು ಕವಿಯ ಹೆಸರಿನಲ್ಲಿ ಸೇರಿಸಿಬಿಡುವುದು.

ವಿನ್ಸೆಂಟ್ ಬೇಕರ್ ಮತ್ತು ಮೆಗ್ವೆ ಬೇಕರ್ ಅವರ 'ಅಪೋಕ್ಯಾಲಿಪ್ಸ್ ವರ್ಲ್ಡ್' (2010) ಈ ವ್ಯತ್ಯಾಸವನ್ನು ಅರಿತು ಬರೆದ ಪುಸ್ತಕದಂತೆ ನನಗೆ ಕಾಣುತ್ತದೆ. ಅದು ಕಥೆ ನಡೆಸುವವರನ್ನೂ ನಿಯಮಕ್ಕೆ ಕಟ್ಟಿಹಾಕುತ್ತದೆ: ಏನು ಹೇಳಬೇಕು, ಯಾವ ತತ್ವ ಮೀರಬಾರದು ಎಂದು ಬರೆದಿಡುತ್ತದೆ. ಜೊತೆಗೆ ಹೊಸ ನಿಯಮಗಳನ್ನು ಕಟ್ಟುವುದು ಹೇಗೆಂದೂ ಕಲಿಸುತ್ತದೆ. ಅದನ್ನು ಕಲಿತವರು ಅದರ ಮಾದರಿಯಲ್ಲಿ ಬೇರೆ ಬೇರೆ ಆಟಗಳನ್ನು ಬರೆದರು. 2012ರ 'ಡಂಜನ್ ವರ್ಲ್ಡ್' ಅವುಗಳಲ್ಲೊಂದು. ತಿದ್ದುವ ಕೈಗೆ ಓದಿನ ಆಸರೆ ಕೊಟ್ಟ ಪುಸ್ತಕ ಇದು.

ಪಠ್ಯ ಎಲ್ಲರದು ಎಂದು ಸಾಹಿತ್ಯದ ತರಗತಿಗಳಲ್ಲಿ ನಾವು ಸಲೀಸಾಗಿ ಹೇಳುತ್ತೇವೆ. ಐವತ್ತು ವರ್ಷಗಳಿಂದ ಆ ಮಾತನ್ನು ಅಕ್ಷರಶಃ ಬದುಕಿದ ಓದುಗರು ಈ ಆಟಗಾರರು. ಅವರಿಂದ ನಾನು ಕಲಿತದ್ದಿಷ್ಟು: ಪಠ್ಯ ಎಲ್ಲರದಾಗಬೇಕಾದರೆ ತಿದ್ದುವ ಮೊದಲು ಯಾರಾದರೂ ಅದನ್ನು ಎಲ್ಲರಿಗೂ ಕೇಳುವಂತೆ ಓದಬೇಕು.