ಐ-ಟು-ಸಿ ವಿಳಾಸಕ್ರಮದಲ್ಲಿ ಪ್ರಕೃತಿ-ಪ್ರತ್ಯಯ ವಿವೇಚನೆ

ಫಿಲಿಪ್ಸ್ ಸಂಸ್ಥೆಯವರು ೧೯೮೨ರಲ್ಲಿ ರಚಿಸಿದ ಐ-ಟು-ಸಿ ಬಸ್ ಎಂಬುದು ಒಂದೇ ಯಂತ್ರದೊಳಗಿನ ಚಿಪ್‌ಗಳು ಎರಡು ತಂತಿಗಳ ಮೂಲಕ ಸಂಭಾಷಿಸುವ ಏರ್ಪಾಡು. ತಂತಿಗಳು ಎಲ್ಲಕ್ಕೂ ಸಮಾನವಾದುದರಿಂದ ಮಾತು ಯಾವುದನ್ನು ಕುರಿತದ್ದೆಂಬುದು ಸಂಬೋಧನೆಯಿಂದಲೇ ತಿಳಿಯಬೇಕು. ಇದಕ್ಕಾಗಿ ಏಳು ಬಿಟ್‌ಗಳ, ಎಂದರೆ ಸೊನ್ನೆ-ಒಂದುಗಳ ಏಳು ಸ್ಥಾನಗಳ, ವಿಳಾಸವನ್ನು ಮೊದಲು ಕಳುಹಿಸುವರು. ಅದರ ಬೆನ್ನಿಗೇ ಬರುವ ಎಂಟನೆಯ ಬಿಟ್ ಸೊನ್ನೆಯಾದರೆ ಬರೆಯುವುದೆಂದೂ ಒಂದಾದರೆ ಓದುವುದೆಂದೂ ಅರ್ಥ.

ಕೇಶಿರಾಜನನ್ನು ಓದಿದವರ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲಿನ ಏಳು ಪ್ರಕೃತಿ, ಎಂಟನೆಯದು ಪ್ರತ್ಯಯ. ಮೂಲ ನಿಯಮಗ್ರಂಥದಲ್ಲಿ ಈ ಭೇದವು ಸ್ಪಷ್ಟವಾಗಿಯೇ ಇದೆ. ತೊಡಕು ಹುಟ್ಟಿದುದು ಚಿಪ್‌ಗಳ ಕೈಪಿಡಿಗಳಲ್ಲಿ. ಕೆಲವು ಕೈಪಿಡಿಕಾರರು ಪ್ರಕೃತಿಯನ್ನು ಮಾತ್ರ ವಿಳಾಸವೆನ್ನುವರು. ಮತ್ತೆ ಕೆಲವರು ಪ್ರತ್ಯಯ ಹತ್ತಿದ ಎರಡು ರೂಪಗಳನ್ನು ಕೊಟ್ಟು ಎರಡನ್ನೂ ವಿಳಾಸವೆಂದೇ ಕರೆಯುವರು. ನಿಘಂಟಿನಲ್ಲಿ ‘ಮರ’ ಎಂಬುದನ್ನು ಬಿಟ್ಟು ‘ಮರಕ್ಕೆ’, ‘ಮರದಿಂದ’ ಎಂದು ಎರಡು ಪದಗಳನ್ನು ಸೇರಿಸಿದಂತಾಯಿತು.

ಪಿಸಿಎಫ್ ೮೫೭೪ ಎಂಬ ಚಿಪ್ಪನ್ನು ನೋಡಬಹುದು. ಅದರ ವಿಳಾಸದ ಮೊದಲ ನಾಲ್ಕು ಬಿಟ್‌ಗಳು ೦೧೦೦ ಎಂದು ತಯಾರಕರಿಂದ ನಿಯತವಾಗಿವೆ. ಉಳಿದ ಮೂರನ್ನು ಮೂರು ಕಾಲುಗಳ ಜೋಡಣೆಯಿಂದ ನಿರ್ಣಯಿಸಬೇಕು. ಮೂರೂ ಸೊನ್ನೆಯಾದರೆ ವಿಳಾಸ ೩೨; ಎರಡನೆಯ ಪದ್ಧತಿಯಲ್ಲಿ ಅದೇ ೬೪ ಮತ್ತು ೬೫. ಪ್ರತ್ಯಯವನ್ನು ತಾನೇ ಹಚ್ಚಿಕೊಳ್ಳುವ ಕ್ರಮವಿಧಿಗೆ ಯಾವನಾದರೂ ೬೪ನ್ನು ಒಪ್ಪಿಸಿದನೆನ್ನೋಣ. ಕರೆ ಬೇರೆಡೆಗೆ ಹೋಗುವುದು, ಉತ್ತರ ಬಾರದು, ನೆಟ್ಟಗಿರುವ ಚಿಪ್ ಸತ್ತಿತೆಂದು ಕಿತ್ತು ಬಿಸುಡುವರು. ವಿದ್ಯುತ್ಪ್ರವಾಹವನ್ನು ಅಳೆಯುವ ಐಎನ್ಎ ೨೧೯ ಅದೇ ತಂತಿಯ ಮೇಲಿದ್ದರಂತೂ, ಅದರ ಸಾಮಾನ್ಯ ವಿಳಾಸ ೬೪ ಆದುದರಿಂದ, ಅದೇ ಓಗೊಡುವುದು. ಮೌನಕ್ಕಿಂತ ಈ ಉತ್ತರ ಹೆಚ್ಚು ಅನರ್ಥಕಾರಿ.

ತಂತಿಯ ಮೇಲೆ ವಾಸ್ತವವಾಗಿ ಹರಿಯುವುದು ಎಂಟು ಬಿಟ್‌ಗಳೇ ಎಂಬ ಸಮರ್ಥನೆಯು ನಿಸ್ಸಾರವಾದುದಲ್ಲ. ಆದರೆ ಉಚ್ಚಾರಣೆಯಲ್ಲಿ ಕೂಡಿ ಬಂದುದೆಲ್ಲ ಹೆಸರಿನ ಭಾಗವಾಗಲಾರದು.

ಹೆಸರುಗಳ ಬಡತನವೂ ಉಂಟು. ಒಟ್ಟು ೧೨೮ರಲ್ಲಿ ೧೬ನ್ನು ಕಾಯ್ದಿರಿಸಿರುವುದರಿಂದ ಉಳಿಯುವುವು ೧೧೨. ೧೯೯೨ರಲ್ಲಿ ಹತ್ತು ಬಿಟ್‌ಗಳ ವಿಳಾಸವನ್ನು ಸೇರಿಸಿ ೧೦೨೪ಕ್ಕೆ ಎಡೆಮಾಡಿದರೂ ಅದರ ಬಳಕೆ ವಿರಳ. ಅದರ ರಚನೆ ಮಾತ್ರ ಪ್ರಕೃತ ವಿಚಾರಕ್ಕೆ ಬಹಳ ಉಪಯುಕ್ತವಾದುದು: ೧೧೧೧೦ ಎಂಬ ಗುರುತಿನ ಬಳಿಕ ವಿಳಾಸದ ಎರಡು ಬಿಟ್‌ಗಳು, ಅನಂತರ ದಿಕ್ಕಿನ ಬಿಟ್, ಆಮೇಲೆ ವಿಳಾಸದ ಉಳಿದ ಎಂಟು. ಪ್ರತ್ಯಯವು ಪ್ರಕೃತಿಯ ನಡುವೆಯೇ ಬಂದು ನಿಂತಿರುವ ಇಂತಹ ಪದವನ್ನು ಕೂಡಿಸಿ ಒಂದೇ ವಿಳಾಸವೆಂದು ಬರೆಯಲು ಎರಡನೆಯ ಪದ್ಧತಿಯವರಿಗೂ ದಾರಿಯಿಲ್ಲ.