ಶೂನ್ಯಸಂಪಾದನೆಯ ಪರಿಷ್ಕರಣಗಳೂ ವಿಕಿಯ ತಿದ್ದುಹಕ್ಕೂ

ಶೂನ್ಯಸಂಪಾದನೆಯು ಏಕಕರ್ತೃಕ ಕೃತಿಯಲ್ಲವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಪ್ರಭುದೇವನನ್ನು ಕೇಂದ್ರವಾಗಿಸಿ ವಚನಗಳನ್ನು ಸಂವಾದರೂಪದಲ್ಲಿ ಹೆಣೆದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಒಬ್ಬರಾದ ಮೇಲೊಬ್ಬರು ಅದನ್ನು ಕೈಗೆತ್ತಿಕೊಂಡು, ಕೆಲವು ವಚನಗಳನ್ನು ಸೇರಿಸಿ, ಕೆಲವನ್ನು ಬಿಟ್ಟು ಪರಿಷ್ಕರಿಸಿದರು. ಸೊನ್ನಲಿಗೆಯ ಸಿದ್ಧರಾಮನ ಇಷ್ಟಲಿಂಗದೀಕ್ಷೆಯ ವಿಷಯದಲ್ಲಿ ಈ ಪಾಠಗಳಿಗೆ ಒಮ್ಮತವಿಲ್ಲ. ಇದು ಲಿಪಿಕಾರನ ಕೈತಪ್ಪಲ್ಲ, ಸಿದ್ಧಾಂತದ ತಕರಾರು. 1930ರಲ್ಲಿ ಫ. ಗು. ಹಳಕಟ್ಟಿಯವರು ಗೂಳೂರಿನವನ ಪಾಠವನ್ನು ಅಚ್ಚಿಗೆ ತಂದಾಗ ಸಾಮಾನ್ಯ ಓದುಗನ ಪಾಲಿಗೆ ಅದೇ ಶೂನ್ಯಸಂಪಾದನೆಯಾಯಿತು. ಮಹಾದೇವಯ್ಯನ ಮೊದಲ ಪಾಠ ಮುದ್ರಣವನ್ನು ಕಂಡದ್ದು ದಶಕಗಳು ಕಳೆದ ಮೇಲೆ. ಕೊನೆಯ ಕೈ ಹಿಂದಿನ ಕೈಗಳನ್ನು ಅಷ್ಟು ಕಾಲ ಮರೆಮಾಡಿತ್ತು.

ಹಲವರು ಕೂಡಿ ಒಂದೇ ಬರಹವನ್ನು ತಿದ್ದುವುದಕ್ಕೆ ಯಂತ್ರದ ಏರ್ಪಾಡು ದೊರೆತುದು 1995ರಲ್ಲಿ, ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ವಿಕಿಯನ್ನು ಬಳಕೆಗೆ ತಂದಾಗ. 2001ರಲ್ಲಿ ವಿಕಿಪೀಡಿಯವೂ 2003ರಲ್ಲಿ ಅದರ ಕನ್ನಡ ಆವೃತ್ತಿಯೂ ಹುಟ್ಟಿದವು. ಇದಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ವೇಳೆಗಳೊಡನೆ ಪುಟದ ಇತಿಹಾಸದಲ್ಲಿ ದಾಖಲಾಗುತ್ತದೆ. ಹಿಂದಿನ ಪಾಠವನ್ನು ಮತ್ತೆ ನಿಲ್ಲಿಸಬಹುದು. ಬ್ಯಾಂಕಿನ ಖಾತೆವಹಿಯಲ್ಲಿಯೂ ತಪ್ಪು ನಮೂದನ್ನು ಅಳಿಸುವ ವಾಡಿಕೆಯಿಲ್ಲ, ಪ್ರತಿನಮೂದು ಹಾಕುತ್ತಾರೆ. ಓಲೆಗರಿಯ ಪರಂಪರೆಗೆ ಈ ಸೌಕರ್ಯ ಇರಲಿಲ್ಲ.

ಹೀಗಿದ್ದೂ ಬೇಲಿ ಬೇಕಾಯಿತು. ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರಿಗೆ ಕೆನಡಿ ಕೊಲೆಯ ನಂಟನ್ನು ಅಂಟಿಸಿದ ಸುಳ್ಳು ಬರಹವು 2005ರಲ್ಲಿ ನಾಲ್ಕು ತಿಂಗಳು ಇಂಗ್ಲಿಷ್ ವಿಕಿಪೀಡಿಯದಲ್ಲಿ ಉಳಿದಿತ್ತು. ಹಿಂದಿನ ಪಾಠವನ್ನು ತರಬಲ್ಲ ಸಾಧನವಿದ್ದರೇನು, ನೋಡುವ ಕಣ್ಣು ಬೇಡವೆ? ಆ ಬಳಿಕ ಅಲ್ಲಿ ಹೊಸ ಪುಟ ತೆರೆಯುವ ಹಕ್ಕು ನೋಂದಾಯಿತರಿಗೆ ಮಾತ್ರವೆಂದಾಯಿತು. ಜರ್ಮನ್ ಆವೃತ್ತಿಯು 2008ರಿಂದ ಬೇರೊಂದು ದಾರಿ ಹಿಡಿಯಿತು: ಯಾರು ಬೇಕಾದರೂ ತಿದ್ದಬಹುದು, ಆದರೆ ಅನುಭವಿಯೊಬ್ಬನು ಪರಿಶೀಲಿಸುವವರೆಗೆ ಸಾಮಾನ್ಯ ಓದುಗನಿಗೆ ಹಳೆಯ ಪಾಠವೇ ಕಾಣುತ್ತದೆ. ಕ್ರಮವೇನೋ ಸೊಗಸಾದುದೇ. ಪರಿಶೀಲಕರು ವಿರಳವಾದ ಭಾಷೆಯಲ್ಲಿ ಮಾತ್ರ ತಿದ್ದುಪಡಿಗಳು ಬಾಗಿಲಲ್ಲೇ ಕಾದು ಹಳಸುವ ಭಯವುಂಟು.

ಪಂಪನ ವಿಷಯವನ್ನೇ ನೋಡಬಹುದು. ಅವನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿ ಬರೆಸಿದ ಕುರ್ಕ್ಯಾಲದ ಶಾಸನವು ಇರುವುದು ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿ. ಬೊಮ್ಮಲಗುಟ್ಟವನ್ನು ಹತ್ತಿ ಅದನ್ನು ಕಣ್ಣಾರೆ ಓದಿದ ಹೈದರಾಬಾದಿನ ಕನ್ನಡಿಗನೊಬ್ಬನು ಪಂಪನ ಪುಟವನ್ನು ತಿದ್ದಹೊರಟಾಗ ಅದು ಮುಚ್ಚಿದ್ದರೆ ಆ ತಿಳಿವು ಒಳಗೆ ಬರುವುದೆಂತು? ಅದೇ ಪುಟವನ್ನು ಸದಾ ತೆರೆದಿಟ್ಟರೆ, ಕವಿಯನ್ನು ತಮ್ಮ ಭಾಷೆಯವನೆಂದು ಎಳೆದಾಡುವ ಎರಡೂ ಕಡೆಯ ಅಭಿಮಾನಿಗಳಿಗೆ ಅದು ಅಂಗಳವಾದೀತು.

ಕನ್ನಡದಂತಹ ಸಣ್ಣ ಸಮುದಾಯಕ್ಕೆ ಅನಿರ್ದಿಷ್ಟಾವಧಿಯ ಬೀಗವು ಪುಂಡರ ಕೀಟಲೆಗಿಂತ ಹೆಚ್ಚಿನ ಹಾನಿ: ಕೀಟಲೆಯನ್ನು ಇತಿಹಾಸದ ಪುಟದಿಂದ ಸರಿಪಡಿಸಬಹುದು, ಬಾರದೆ ಹೋದ ಬರಹಗಾರನನ್ನು ಎಲ್ಲಿಂದ ತರುವುದು? ಜಗಳ ಕಾವೇರಿದಾಗ ಕೆಲವು ದಿನ ಪುಟವನ್ನು ಮುಚ್ಚುವುದು ನ್ಯಾಯವೇ. ಆಗಲೂ ಚರ್ಚಾಪುಟ ತೆರೆದಿರಬೇಕು, ಕಾರಣವನ್ನು ಕನ್ನಡದಲ್ಲಿ ನಮೂದಿಸಬೇಕು. ಬೀಗಕ್ಕೆ ಗಡುವು ಹಾಕುವ ಅವಕಾಶ ಮೀಡಿಯಾವಿಕಿಯಲ್ಲಿ ಇದ್ದೇ ಇದೆ. ಆ ದಿನಾಂಕವನ್ನು ತುಂಬುವ ಶ್ರಮವನ್ನು ನಿರ್ವಾಹಕರು ವಹಿಸಿಕೊಳ್ಳಬೇಕಷ್ಟೆ.